ಗಾಜಿನಲ್ಲಿ ಬಣ್ಣಕ್ಕಿಂತ ಮೊದಲು ಬೆಳಕು

ನನ್ನ ಕೈಯಲ್ಲಿ ಅಂಗೈಯಗಲದ ಒಂದು ಗಾಜಿನ ತುಂಡಿದೆ. ಇದನ್ನು ಈ ಮರದ ಮೇಜಿನ ಮೇಲೆ ಇಡುತ್ತೇನೆ. ಯಾವ ಬಣ್ಣ ಹೇಳಿ? ಹಿಂದಿನ ಸಾಲಿನವರು ಕಪ್ಪು ಅಂದರು. ಮುಂದೆ ಕೂತವರೂ ಕಪ್ಪು ಅಂತಲೇ ಹೇಳುತ್ತಿದ್ದೀರಿ. ಈಗ ಇದನ್ನು ಕಿಟಕಿಯ ಕಡೆಗೆ ಎತ್ತಿ ಹಿಡಿಯುತ್ತೇನೆ. ಕೆಂಪು, ಅಲ್ವಾ? ಕೈ ಸ್ವಲ್ಪ ಕೆಳಗಿಳಿಸಿ, ಆಚೆಯ ಗೋಡೆ ಇದರ ಹಿಂದೆ ಬರುವಂತೆ ಮಾಡುತ್ತೇನೆ. ಮತ್ತೆ ಮಂಕಾಯಿತು. ಗಾಜು ಅದೇ, ನಿಮ್ಮ ಕಣ್ಣೂ ಅದೇ. ಹಿಂದಿನ ಬೆಳಕು ಬದಲಾಯಿತು, ಅಷ್ಟೇ.

ವಿನ್ಯಾಸದ ಮೂಲ ಸೂತ್ರಗಳನ್ನು ನೀವೆಲ್ಲ ಎಲ್ಲೋ ಒಂದು ಕಡೆ ಕೇಳಿರುತ್ತೀರಿ. ವ್ಯತ್ಯಾಸ, ಸಮತೋಲ, ರೇಖೆ, ಲಯ, ಖಾಲಿ ಜಾಗ, ಒಟ್ಟಂದ. ಚಿತ್ರ ಬರೆಯುವವರು, ಬಟ್ಟೆ ನೇಯುವವರು, ಪುಸ್ತಕದ ಮುಖಪುಟ ಮಾಡುವವರು ಎಲ್ಲರೂ ಇವನ್ನೇ ಬಳಸುತ್ತಾರೆ. ಗಾಜಿಗೆ ಅಂತ ಬೇರೆ ಸೂತ್ರ ಇಲ್ಲ. ಆದರೆ ಕಾಗದದ ಮೇಲಿನ ಬಣ್ಣಕ್ಕೆ ಬೆಳಕು ಎದುರಿನಿಂದ ಬಿದ್ದು ವಾಪಸ್ ಬರುತ್ತದೆ. ಗಾಜಿಗೆ ಹಿಂದಿನಿಂದ ಬಂದು, ಅದರೊಳಗೆ ಹಾದು, ನಮ್ಮ ಕಣ್ಣಿಗೆ ಬರುತ್ತದೆ. ಈ ಒಂದು ಕಾರಣಕ್ಕೆ ಪ್ರತಿ ಸೂತ್ರವೂ ಗಾಜಿನಲ್ಲಿ ಬೇರೆ ರೀತಿ ನಡೆದುಕೊಳ್ಳುತ್ತದೆ. ಅದನ್ನು ನಾನು ಕಲಿತದ್ದು ಒಂದು ಮಿಂಚುಳ್ಳಿಯಿಂದ.

ಶುರುವಿನ ದಿನಗಳಲ್ಲಿ ಒಂದು ಪ್ಯಾನೆಲ್, ಅಂದರೆ ಬಣ್ಣದ ಗಾಜಿನ ತುಂಡುಗಳನ್ನು ಜೋಡಿಸಿದ ಚಿತ್ರದ ಹಲಗೆ, ಮಾಡಿದೆ. ಕೊಂಬೆಯ ಮೇಲೆ ಕೂತ ಮಿಂಚುಳ್ಳಿ. ಹಕ್ಕಿಗೆ ಕೋಬಾಲ್ಟ್ ನೀಲಿ, ಹಿಂದೆ ಸಂಜೆಯ ಆಕಾಶಕ್ಕೆ ಕೆಂಪು. ಕಾಗದದ ಮೇಲೆ ಬಣ್ಣದ ಪೆನ್ಸಿಲ್‌ನಲ್ಲಿ ಬರೆದಾಗ ಹಕ್ಕಿ ಎದ್ದು ಬರುತ್ತಿತ್ತು. ಎರಡು ತಿಂಗಳು ಕೂತು ಕತ್ತರಿಸಿ, ಅಂಚು ಉಜ್ಜಿ, ಅಂಚಿಗೆ ತಾಮ್ರದ ಫಾಯಿಲ್, ಅಂದರೆ ತೆಳು ಪಟ್ಟಿ, ಸುತ್ತಿ, ಬೆಸುಗೆ ಹಾಕಿ ಮುಗಿಸಿದೆ. ಕಿಟಕಿಗೆ ತೂಗುಹಾಕಿ ನಾಲ್ಕು ಹೆಜ್ಜೆ ಹಿಂದೆ ಬಂದು ನೋಡಿದರೆ ಹಕ್ಕಿಯೇ ಇಲ್ಲ. ಒಂದು ದೊಡ್ಡ ಕಡು ಮುದ್ದೆ. ಅದರ ನಡುವೆ ಕೊಕ್ಕಿನ ಕೆಳಗೆ ಇಟ್ಟಿದ್ದ ಚಿಕ್ಕ ಹಳದಿ ತುಂಡು ಮಾತ್ರ ದೀಪದ ಹಾಗೆ ಉರಿಯುತ್ತಿತ್ತು. ಮನೆಗೆ ಬಂದವರ ಕಣ್ಣೆಲ್ಲ ಮೊದಲು ಆ ಹಳದಿಗೆ ಹೋಗುತ್ತಿತ್ತು. "ಇದೇನು, ಹೂವಾ?" ಅಂತ ಕೇಳುತ್ತಿದ್ದರು.

ಏನಾಗಿತ್ತು ಅಂದರೆ, ಕೆಂಪು ಮತ್ತು ನೀಲಿ ಎರಡು ಬೇರೆ ಬಣ್ಣ ಅಂತ ನಾನು ಧೈರ್ಯವಾಗಿದ್ದೆ. ಬಣ್ಣ ಬೇರೆ ಇದ್ದರೂ ಆ ಎರಡು ಗಾಜುಗಳು ಬಿಡುತ್ತಿದ್ದ ಬೆಳಕು ಹೆಚ್ಚು ಕಮ್ಮಿ ಒಂದೇ. ಎರಡೂ ತೀರಾ ಕಮ್ಮಿ ಬೆಳಕು ಬಿಡುವ ಗಾಜುಗಳು. ದೂರದಿಂದ ನೋಡುವಾಗ ಕಣ್ಣು ಮೊದಲು ಹಿಡಿಯುವುದು ತಿಳಿ ಯಾವುದು, ಕಡು ಯಾವುದು ಅನ್ನೋದನ್ನು. ಬಣ್ಣದ ಹೆಸರು ಆಮೇಲೆ. ವ್ಯತ್ಯಾಸ ಅನ್ನುವ ಸೂತ್ರವನ್ನು ಗಾಜಿನಲ್ಲಿ ಮೊದಲು ಬೆಳಕಿನ ಪ್ರಮಾಣದಲ್ಲಿ ಲೆಕ್ಕ ಹಾಕಬೇಕು ಅಂತ ನನಗೆ ಅವತ್ತು ಅರ್ಥವಾಯಿತು.

ಇದಕ್ಕೆ ಸುಲಭದ ಪರೀಕ್ಷೆ ಇದೆ. ನೀವು ಆರಿಸಿಕೊಂಡ ಗಾಜಿನ ತುಂಡುಗಳನ್ನು ಲೈಟ್ ಬಾಕ್ಸ್ (ಒಳಗಿನಿಂದ ಬೆಳಗುವ ಪೆಟ್ಟಿಗೆ) ಮೇಲೆ ಜೋಡಿಸಿ, ಇಲ್ಲವಾದರೆ ಕಿಟಕಿಗೆ ಒರಗಿಸಿ, ಫೋನಿನಲ್ಲಿ ಒಂದು ಫೋಟೋ ತೆಗೆಯಿರಿ. ಅದನ್ನು ಕಪ್ಪು-ಬಿಳುಪು ಮಾಡಿ. ಚಿತ್ರದ ಮುಖ್ಯ ಆಕಾರ ಆಗಲೂ ಕಾಣುತ್ತಿದ್ದರೆ ಮುಂದೆ ಹೋಗಿ. ಕಾಣದಿದ್ದರೆ ಗಾಜು ಬದಲಿಸಿ. ಕತ್ತರಿಸುವ ಮೊದಲೇ ಮಾಡಬೇಕಾದ ಕೆಲಸ ಇದು. ನಾನು ಮಿಂಚುಳ್ಳಿಯ ಫೋಟೋವನ್ನು ಹೀಗೆ ಮಾಡಿ ನೋಡಿದಾಗ ಪೂರ್ತಿ ಬೂದು ಬಣ್ಣದ ನಡುವೆ ಒಂದು ಬಿಳಿ ಚುಕ್ಕೆ ಇತ್ತು. ಅದೇ ಆ ಹಳದಿ.

ಹಾಗಾದರೆ ಕೆಂಪಿನ ಮೇಲೆ ನೀಲಿ ಇಡಲೇಬಾರದಾ? ಇಡಬಹುದು. ಫ್ರಾನ್ಸಿನ ಶಾರ್ತ್ರ್ ಕ್ಯಾಥೆಡ್ರಲ್‌ನಲ್ಲಿ 1180ರ ಸುಮಾರಿಗೆ ಮಾಡಿದ ಒಂದು ಮೇರಿ ಮಾತೆಯ ಕಿಟಕಿ ಇದೆ. 1194ರಲ್ಲಿ ಅಲ್ಲಿ ಬೆಂಕಿ ಬಿದ್ದು ಕಟ್ಟಡದ ಬಹುಭಾಗ ಸುಟ್ಟುಹೋದರೂ ಆ ಕಿಟಕಿಯ ನಡುವಿನ ಭಾಗ ಉಳಿಯಿತು. ಅದರಲ್ಲಿ ಮಾತೆಯ ಉಡುಪು ನೀಲಿ, ಅವಳ ಹಿಂದಿರುವುದು ಕೆಂಪು. ನನ್ನ ಹಕ್ಕಿಯ ಜೋಡಿಯೇ. ಆದರೆ ಆ ನೀಲಿ ತಿಳಿಯಾದದ್ದು, ಹೊರಗಿನ ಆಕಾಶ ಒಳಗೆ ಇಳಿದ ಹಾಗೆ. ಕೆಂಪು ಕಡುವಾಗಿ ಹಿಂದೆ ಸರಿದು ನಿಂತಿದೆ. ಎಂಟುನೂರು ವರ್ಷಗಳ ಹಿಂದೆ ಕೆಲಸ ಮಾಡಿದ ಆ ಕೈಗಳಿಗೆ ನೀಲಿ-ಕೆಂಪಿನ ಜೊತೆಗೆ ತಿಳಿ-ಕಡುವಿನ ಜೋಡಿಯೂ ಗೊತ್ತಿತ್ತು.

ಕೆಂಪಿನ ವಿಷಯ ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಆ ಕಾಲದ ಕೆಂಪು ಗಾಜಿಗೆ ಬಣ್ಣ ಕೊಡುತ್ತಿದ್ದದ್ದು ತಾಮ್ರ. ಗಾಜಿನ ಪೂರ್ತಿ ದಪ್ಪಕ್ಕೆ ಆ ಬಣ್ಣ ಬಂದರೆ ಬೆಳಕೇ ಹಾಯುವುದಿಲ್ಲ, ಕಪ್ಪಾಗಿ ಕಾಣುತ್ತದೆ. ಅದಕ್ಕೆ ಅವರು ಬಣ್ಣವಿಲ್ಲದ ಗಾಜಿನ ಮೇಲೆ ಕೆಂಪಿನ ತೆಳು ಪದರ ಕೂರಿಸುತ್ತಿದ್ದರು. ಮುಂದೆ ಆ ಪದರವನ್ನು ಅಲ್ಲಲ್ಲಿ ಕೆರೆದು ತೆಗೆದು ಒಂದೇ ತುಂಡಿನಲ್ಲಿ ಕೆಂಪು ಮತ್ತು ಬಿಳಿ ಎರಡನ್ನೂ ತಂದರು. ಇವತ್ತಿಗೂ ಇಂಥ ಎರಡು ಪದರದ ಗಾಜು ಸಿಗುತ್ತದೆ. ಅಂಚಿನಿಂದ ನೋಡಿದರೆ ಪದರ ಕಾಣುತ್ತದೆ. ನಾನು ಆಗ ತೋರಿಸಿದ ತುಂಡು ಅಂಥದ್ದೇ. ಆಮೇಲೆ ಕೈಗೆ ತೆಗೆದುಕೊಂಡು ನೋಡಿ.

ಈಗ ನೀಲಿ. ಗಾಜಿನಲ್ಲಿ ನೀಲಿ ತನ್ನ ಗೆರೆಯೊಳಗೆ ಸುಮ್ಮನೆ ಕೂರುವುದಿಲ್ಲ. ದೂರದಿಂದ ನೋಡಿದರೆ ಪಕ್ಕದ ಬಣ್ಣದ ಮೇಲೆ ಹರಡಿದ ಹಾಗೆ ಕಾಣುತ್ತದೆ. 19ನೇ ಶತಮಾನದಲ್ಲಿ ಹಳೆಯ ಚರ್ಚುಗಳ ದುರಸ್ತಿ ನೋಡಿಕೊಂಡ ಫ್ರೆಂಚ್ ವಾಸ್ತುಶಿಲ್ಪಿ ವಿಯೋಲೆ-ಲ-ದ್ಯುಕ್ ಈ ಹರಡುವಿಕೆಯ ಬಗ್ಗೆ ವಿವರವಾಗಿ ಬರೆದಿದ್ದಾನೆ. ಕೆಂಪು ಮತ್ತು ನೀಲಿಯ ಚಿಕ್ಕ ಚಿಕ್ಕ ತುಂಡುಗಳನ್ನು ಒತ್ತಟ್ಟಿಗೆ ಇಟ್ಟರೆ ದೂರದಿಂದ ಎರಡೂ ಸೇರಿ ನೇರಳೆಯ ಮಂಜಾಗುತ್ತದೆ. ಮಧ್ಯಯುಗದವರು ಇದಕ್ಕೆ ಉಪಾಯ ಕಂಡುಕೊಂಡಿದ್ದರು. ನೀಲಿಗೂ ಕೆಂಪಿಗೂ ನಡುವೆ ಬಿಳಿ ಗಾಜಿನ ಸಣ್ಣ ಪಟ್ಟಿ ಇಟ್ಟು, ಅದರ ಮೇಲೆ ಕಂದು ಬಣ್ಣದಲ್ಲಿ ಮುತ್ತಿನ ಸಾಲಿನ ಹಾಗೆ ಬರೆಯುತ್ತಿದ್ದರು. ನೋಡುವವರಿಗೆ ಅದು ಅಲಂಕಾರ. ನಿಜವಾಗಿ ಅದು ಎರಡು ಬಣ್ಣಗಳ ನಡುವಿನ ಬೇಲಿ. ಬೇಡದ ಕಡೆ ನೀಲಿಯ ಜೋರು ತಗ್ಗಿಸಲು ಅದರ ಮೇಲೆ ಕಂದು ಗೆರೆಗಳ ಬಲೆ ಎಳೆಯುತ್ತಿದ್ದರು. ನಾವು ಅದನ್ನೇ ಮಾಡಬೇಕಿಲ್ಲ. ನೀಲಿಯನ್ನು ಸ್ವಲ್ಪ ಕಮ್ಮಿ ಹಾಕಿ, ಅದರ ಪಕ್ಕಕ್ಕೆ ತಿಳಿ ಬೂದು ಅಥವಾ ಬಿಳಿಯ ಜಾಗ ಬಿಡಿ. ನೀಲಿ ಆ ಜಾಗವನ್ನು ತಾನೇ ತುಂಬಿಕೊಳ್ಳುತ್ತದೆ.

ಬಣ್ಣದ ಬಗ್ಗೆ ನನಗೆ ಬಹಳ ಕಲಿಸಿದ ಇನ್ನೊಂದು ಕೆಲಸ ಇದೆ. ಫ್ರಾನ್ಸಿನ ವಾನ್ಸ್ ಅನ್ನುವ ಊರಿನ ಸಣ್ಣ ಪ್ರಾರ್ಥನಾಮಂದಿರಕ್ಕೆ ಚಿತ್ರಕಾರ ಮತೀಸ್ ವಿನ್ಯಾಸ ಮಾಡಿದ ಕಿಟಕಿಗಳು. 1951ರಲ್ಲಿ ಆ ಮಂದಿರ ಮುಗಿಯಿತು. ಇಡೀ ಜೀವನ ಬಣ್ಣದ ಜೊತೆ ಕಳೆದ ಮನುಷ್ಯ ಅಲ್ಲಿ ಬಳಸಿದ್ದು ಮೂರೇ ಗಾಜು. ಒಂದು ನೀಲಿ, ಒಂದು ಹಸಿರು, ಒಂದು ಹಳದಿ. ಗೋಡೆ, ನೆಲ ಎಲ್ಲ ಬಿಳಿ. ಅದರಲ್ಲಿ ನಾನು ನಿಮಗೆ ಮುಖ್ಯವಾಗಿ ಹೇಳಬೇಕಾದ ಸಂಗತಿ ಹಳದಿಯದ್ದು. ನೀಲಿ ಮತ್ತು ಹಸಿರು ಪೂರ್ತಿ ಪಾರದರ್ಶಕ. ಅವುಗಳ ಮೂಲಕ ಹೊರಗಿನದು ಕಾಣುತ್ತದೆ. ಹಳದಿ ಮಾತ್ರ ಮಸುಕು ಗಾಜು. ಬೆಳಕು ಬರುತ್ತದೆ, ನೋಟ ಆಚೆ ಹೋಗುವುದಿಲ್ಲ. ಎರಡು ಬಣ್ಣ ಕಣ್ಣನ್ನು ಹೊರಗೆ ಕರೆದೊಯ್ಯುತ್ತವೆ, ಮೂರನೆಯದು ಒಳಗೇ ನಿಲ್ಲಿಸುತ್ತದೆ. ಇಲ್ಲಿ ವ್ಯತ್ಯಾಸ ಬಂದಿರುವುದು ಬಣ್ಣದ ಜೊತೆಗೆ ಪಾರದರ್ಶಕತೆಯಿಂದಲೂ. ಕಾಗದದ ಮೇಲೆ ಕೆಲಸ ಮಾಡುವವರಿಗೆ ಈ ಸೌಕರ್ಯ ಇಲ್ಲವೇ ಇಲ್ಲ.

ನಿಮ್ಮಲ್ಲಿ ಬಹಳ ಮಂದಿ ಬಣ್ಣ ಜಾಸ್ತಿ ಹಾಕುತ್ತೀರಿ. ಹಾಗೇಕೆ ಅಂತ ನನಗೆ ಗೊತ್ತು. ಗಾಜಿನ ರ‍್ಯಾಕ್ ಮುಂದೆ ನಿಂತರೆ ಪ್ರತಿಯೊಂದೂ ಚೆಂದ. ಯಾವುದನ್ನೂ ಬಿಡಲು ಮನಸ್ಸು ಬರುವುದಿಲ್ಲ. ಮೊದಲ ನಾಲ್ಕೈದು ಕೆಲಸಗಳಲ್ಲಿ ಐದು ಗಾಜಿಗೆ ನಿಲ್ಲಿಸಿ. ಎರಡು ತಿಳಿ, ಎರಡು ಮಧ್ಯಮ, ಒಂದು ಕಡು. ಇದು ನನ್ನ ಸ್ವಂತ ಲೆಕ್ಕ, ಶಾಸ್ತ್ರವೇನಲ್ಲ. ಆದರೆ ಹೀಗೆ ಕಟ್ಟು ಹಾಕಿಕೊಂಡವರ ಕೆಲಸ ಬೇಗ ಸುಧಾರಿಸಿದ್ದನ್ನು ನಾನು ಕಂಡಿದ್ದೇನೆ.

ರೇಖೆಗೆ ಬರೋಣ. ಇದರ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕಂದರೆ ಗಾಜಿನಲ್ಲಿ ರೇಖೆ ಎರಡು ಕೆಲಸ ಮಾಡುತ್ತದೆ. ಕಾಗದದಲ್ಲಿ ಗೆರೆ ಬರೀ ಗೆರೆ. ಇಲ್ಲಿ ಅದು ಸೀಸದ ಪಟ್ಟಿ, ಇಲ್ಲವೇ ತಾಮ್ರದ ಫಾಯಿಲ್ ಮೇಲೆ ನಿಂತ ಬೆಸುಗೆ. ಅದು ಚಿತ್ರವನ್ನೂ ಬರೆಯಬೇಕು, ತುಂಡುಗಳನ್ನೂ ಹಿಡಿದು ನಿಲ್ಲಿಸಬೇಕು. ಚಿತ್ರಕ್ಕೆ ಬೇಡದ ಕಡೆಯೂ ಗೆರೆ ಬೇಕಾಗುತ್ತದೆ. ಗಾಜು ಕತ್ತರಿಸಲು ಬರುವ ಆಕಾರಗಳಿಗೆ ಒಂದು ಮಿತಿ ಇರುವುದೇ ಇದಕ್ಕೆ ಕಾರಣ.

ಕತ್ತರಿಸುವುದು ಅನ್ನುತ್ತೇವೆ, ಆದರೆ ನಿಜವಾಗಿ ನಾವು ಮಾಡುವುದು ಗೀರಿ ಮುರಿಯುವುದು. ಕಟರ್‌ನ ಚಕ್ರ ಮೇಲ್ಮೈಯಲ್ಲಿ ಸಣ್ಣ ಗೀರು ಹಾಕುತ್ತದೆ. ಆಮೇಲೆ ಒತ್ತಿದರೆ ಬಿರುಕು ಆ ಗೀರಿನ ದಾರಿ ಹಿಡಿದು ಓಡುತ್ತದೆ. ಬಿರುಕಿಗೆ ನೇರ ದಾರಿ ಇಷ್ಟ, ಮೆಲ್ಲಗಿನ ತಿರುವೂ ಪರವಾಗಿಲ್ಲ. ಆದರೆ ಇಂಗ್ಲಿಷಿನ 'ಎಲ್' ಅಕ್ಷರದ ಒಳಮೂಲೆಯ ಹಾಗೆ ಗೀರಿ ಮುರಿದರೆ ಅದು ಮೂಲೆಯಲ್ಲಿ ತಿರುಗುವುದಿಲ್ಲ, ನೇರ ಮುಂದಕ್ಕೆ ಓಡಿ ತುಂಡು ಎರಡಾಗುತ್ತದೆ. ಆಳವಾದ ಒಳಬಾಗೂ ಹಾಗೆಯೇ, ಸ್ವಲ್ಪ ಸ್ವಲ್ಪವೇ ಕಿತ್ತು ತೆಗೆಯಬೇಕು. ನಡು ತೀರಾ ಸಪೂರ ಇರುವ ತುಂಡು ಇವತ್ತಲ್ಲ ನಾಳೆ ನಡುವಿನಲ್ಲೇ ಮುರಿಯುತ್ತದೆ. ಸೂಜಿಯಂಥ ಮೊನೆ ಸೀಸದ ಪಟ್ಟಿಯ ಕೆಳಗೇ ಮುಚ್ಚಿಹೋಗುತ್ತದೆ, ಅಷ್ಟು ಕಷ್ಟಪಟ್ಟದ್ದು ಕಾಣುವುದೇ ಇಲ್ಲ.

ಹಾಗಾಗಿ ಹೊಸಬರು ಏನು ಮಾಡುತ್ತಾರೆ? ಮೊದಲು ಚಿತ್ರ ಪೂರ್ತಿ ಬರೆದುಕೊಳ್ಳುತ್ತಾರೆ. ಆಮೇಲೆ ಎಲ್ಲಿ ಕತ್ತರಿಸಲು ಆಗುವುದಿಲ್ಲವೋ ಅಲ್ಲೆಲ್ಲ ಒಂದೊಂದು ಗೆರೆ ಸೇರಿಸುತ್ತಾರೆ. ಹೂವಿನ ಅಂಚಿನಿಂದ ಚೌಕಟ್ಟಿಗೆ ಒಂದು, ಎಲೆಯ ತುದಿಯಿಂದ ಚೌಕಟ್ಟಿಗೆ ಇನ್ನೊಂದು. ಕೊನೆಗೆ ಹೂವು ಜೇಡರ ಬಲೆಗೆ ಸಿಕ್ಕಿದ ಹಾಗೆ ಕಾಣುತ್ತದೆ. ಆ ಸಹಾಯದ ಗೆರೆಗಳನ್ನು ಚಿತ್ರದ ಒಳಗಿನಿಂದಲೇ ಹುಡುಕಿ. ಹಿನ್ನೆಲೆಯ ಗೆರೆ ಒಂದು ಬೆಟ್ಟದ ಸಾಲಾಗಬಹುದು, ನೀರಿನ ಅಲೆಯಾಗಬಹುದು, ಬಳ್ಳಿಯ ದಂಟಾಗಬಹುದು, ಗಾಳಿ ಬೀಸುವ ದಿಕ್ಕಾಗಬಹುದು. ಅಮೆರಿಕದ ಗಾಜಿನ ಕಾರ್ಯಾಗಾರ ಟಿಫನಿ ಸ್ಟುಡಿಯೋದ ವಿಸ್ಟೀರಿಯಾ ದೀಪದ ಚಿತ್ರ ಸಿಕ್ಕರೆ ಗಮನಿಸಿ ನೋಡಿ. ವಿಸ್ಟೀರಿಯಾ ಅಂದರೆ ಗೊಂಚಲು ಗೊಂಚಲಾಗಿ ಹೂ ಬಿಡುವ ಒಂದು ಬಳ್ಳಿ. ಸುಮಾರು ಎರಡು ಸಾವಿರ ಚಿಕ್ಕ ತುಂಡುಗಳಿವೆ ಅದರಲ್ಲಿ. ಮೇಲ್ಭಾಗದಲ್ಲಿ ಲೋಹ ದಪ್ಪಗಾಗಿ ಬಳ್ಳಿಯ ಕೊಂಬೆಗಳಾಗಿದೆ, ಕೆಳಗೆ ಬರುತ್ತಾ ಸಪೂರವಾಗಿ ಹೂಗೊಂಚಲಿನ ಎಸಳುಗಳ ನಡುವೆ ಕರಗಿದೆ. ಹಿಡಿದು ನಿಲ್ಲಿಸುವ ಲೋಹ ಯಾವುದು, ಚಿತ್ರದ ಗೆರೆ ಯಾವುದು ಅಂತ ಬೇರೆ ಮಾಡಲು ಆಗುವುದಿಲ್ಲ. ಅದನ್ನು ವಿನ್ಯಾಸ ಮಾಡಿದವರು ಕ್ಲಾರಾ ಡ್ರಿಸ್ಕಾಲ್. ಅಲ್ಲಿ ಗಾಜು ಆರಿಸಿ ಕತ್ತರಿಸುವ ಹೆಂಗಸರ ವಿಭಾಗದ ಮುಖ್ಯಸ್ಥೆ. ಆಕೆ ಮನೆಯವರಿಗೆ ಬರೆದ ಪತ್ರಗಳು ಹೊರಬಂದ ಮೇಲೆ, ಈ 21ನೇ ಶತಮಾನದಲ್ಲಷ್ಟೇ ಆ ಹೆಸರು ಎಲ್ಲರಿಗೂ ತಿಳಿಯಿತು. ಅಷ್ಟು ವರ್ಷ ಅವರ ಕೆಲಸ ಸ್ಟುಡಿಯೋದ ಯಜಮಾನ ಟಿಫನಿಯ ಹೆಸರಲ್ಲಿ ಹೊಳೆಯುತ್ತಿತ್ತು ಅನ್ನುವುದು ನನಗೆ ಈಗಲೂ ನೋವಿನ ಸಂಗತಿ. ಅದಕ್ಕೇ ಈ ದೀಪದ ಮಾತು ಬಂದಾಗಲೆಲ್ಲ ಹೆಸರು ಹೇಳಿಯೇ ಮುಂದೆ ಹೋಗುತ್ತೇನೆ.

ಗೆರೆಯ ದಪ್ಪವನ್ನೂ ಬದಲಿಸಿ. ಎಲ್ಲ ಕಡೆ ಒಂದೇ ಅಗಲದ ಪಟ್ಟಿ ಹಾಕಿದರೆ ಮುಖ್ಯ ಆಕಾರಕ್ಕೂ ಸಣ್ಣ ವಿವರಕ್ಕೂ ಒಂದೇ ಮರ್ಯಾದೆ ಸಿಕ್ಕಿದ ಹಾಗಾಗುತ್ತದೆ. ಹೊರಗಿನ ಆಕಾರಕ್ಕೆ ಅಗಲ ಪಟ್ಟಿ, ಒಳಗಿನ ಎಲೆಯ ನರಕ್ಕೆ ಸಣ್ಣದು. ಇಲ್ಲೂ ಬೆಳಕಿನ ಲೆಕ್ಕ ಇದೆ. ತಿಳಿ ಗಾಜುಗಳ ನಡುವಿನ ಗೆರೆಯನ್ನು ಎರಡೂ ಕಡೆಯ ಬೆಳಕು ತಿಂದುಹಾಕುತ್ತದೆ. ಮೇಜಿನ ಮೇಲೆ ದಪ್ಪ ಅನ್ನಿಸಿದ್ದು ಕಿಟಕಿಯಲ್ಲಿ ದಾರದಷ್ಟು ಕಾಣುತ್ತದೆ. ಕಡು ಗಾಜುಗಳ ನಡುವೆ ಅದೇ ಗೆರೆ ಕಾಣುವುದೇ ಇಲ್ಲ. ಅಲ್ಲಿ ಅಗಲದ ಪಟ್ಟಿ ಹಾಕಿದರೂ ಪ್ರಯೋಜನ ಇಲ್ಲ, ಗಾಜನ್ನೇ ತಿಳಿ ಮಾಡಬೇಕು.

ಇನ್ನೊಂದು ಎಚ್ಚರಿಕೆ. ಪ್ಯಾನೆಲ್‌ನ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಅಡ್ಡಕ್ಕೆ ನೇರ ಗೆರೆ ಎಳೆಯಬೇಡಿ. ಸೀಸ ಮೆತ್ತಗಿನ ಲೋಹ. ಆ ಗೆರೆ ಬಾಗಿಲ ತಿರುಗಣಿಯ ಹಾಗೆ ಕೆಲಸ ಮಾಡುತ್ತದೆ. ಎತ್ತಿ ಹಿಡಿದಾಗ ಪ್ಯಾನೆಲ್ ಅಲ್ಲೇ ಮಡಚಿಕೊಳ್ಳುತ್ತದೆ. ಸಮುದ್ರದ ದಿಗಂತ ಬರೆಯುವವರೆಲ್ಲ ಈ ತಪ್ಪು ಮಾಡುತ್ತಾರೆ. ಒಂದು ದೋಣಿ, ಒಂದು ಬಂಡೆ, ಏನಾದರೂ ಆ ಗೆರೆಯನ್ನು ನಡುವೆ ಕಡಿಯಲಿ. ಚಿತ್ರಕ್ಕೂ ಒಳ್ಳೆಯದು, ದಿಗಂತ ಚಿತ್ರವನ್ನು ಎರಡು ಹೋಳು ಮಾಡುವುದು ತಪ್ಪುತ್ತದೆ. ಪ್ಯಾನೆಲ್ ದೊಡ್ಡದಾದರೆ ಹಿಂದೆ ಒಂದು ಉಕ್ಕಿನ ಕಂಬಿ ಬೇಕೇ ಬೇಕು. ಅದರ ನೆರಳೂ ಒಂದು ಗೆರೆ. ಅದನ್ನೂ ಮೊದಲೇ ಚಿತ್ರದಲ್ಲಿ ಲೆಕ್ಕಕ್ಕೆ ಹಿಡಿಯಿರಿ.

ಖಾಲಿ ಜಾಗದ ಬಗ್ಗೆ ಒಂದೇ ಉದಾಹರಣೆ ಸಾಕು. ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1912ರಲ್ಲಿ ಮಕ್ಕಳ ಶಾಲೆಯೊಂದಕ್ಕೆ, ಕೂನ್ಲಿ ಪ್ಲೇಹೌಸ್ ಅಂತ ಅದರ ಹೆಸರು, ಕಿಟಕಿಗಳನ್ನು ಮಾಡಿದ. ಕೆಂಪು, ನೀಲಿ, ಹಸಿರು ಉರುಟುಗಳು ಬಲೂನಿನ ಹಾಗೆ. ಒಂದು ಕಡೆ ಚಿಕ್ಕ ಬಾವುಟ. ಅಲ್ಲಲ್ಲಿ ಕಾಗದದ ಚೂರುಗಳಂಥ ಸಣ್ಣ ಚೌಕಗಳು. ಉಳಿದ ಬಹುಪಾಲು ಬರೀ ಬಣ್ಣವಿಲ್ಲದ ಗಾಜು. ಬಲೂನುಗಳು ಮೇಲೆ ಇವೆ, ಒಂದು ಬದಿಗೆ ಒತ್ತಿಕೊಂಡಿವೆ. ಆದರೂ ಕಿಟಕಿ ವಾಲಿದ ಹಾಗೆ ಅನ್ನಿಸುವುದಿಲ್ಲ, ಯಾಕಂದರೆ ಖಾಲಿ ಜಾಗವೇ ಇನ್ನೊಂದು ಬದಿಯ ತೂಕ ಹೊತ್ತಿದೆ. ಇನ್ನೊಂದು ವಿಷಯ. ಗಾಜಿನಲ್ಲಿ ಖಾಲಿ ಅಂದರೆ ಪೂರ್ತಿ ಖಾಲಿ ಆಗುವುದಿಲ್ಲ. ಹೊರಗಿನ ಮರ, ಮೋಡ, ಪಕ್ಕದ ಮನೆಯ ಗೋಡೆ, ಎಲ್ಲ ಅದರೊಳಗೆ ಬರುತ್ತವೆ. ಪ್ಯಾನೆಲ್ ಎಲ್ಲಿ ತೂಗುತ್ತದೆ ಅಂತ ನೋಡಿಕೊಂಡೇ ಚಿತ್ರ ಬರೆಯಿರಿ. ಹಿಂದೆ ಹಸಿರು ಗಿಡ ಇದ್ದರೆ ಪಾರದರ್ಶಕ ಕೆಂಪು ಕಪ್ಪಾಗುತ್ತದೆ. ಹಸಿರಿನಿಂದ ಬರುವ ಬೆಳಕನ್ನು ಕೆಂಪು ಗಾಜು ಬಿಡುವುದಿಲ್ಲ, ಅದಕ್ಕೆ. ಅಂಥ ಕಡೆ ಹಾಲಿನ ಛಾಯೆಯ ಓಪಲೆಸೆಂಟ್ ಗಾಜು ಒಳ್ಳೆಯದು. ಅದು ಬೆಳಕನ್ನು ತನ್ನೊಳಗೆ ಚೆದುರಿಸಿಕೊಳ್ಳುತ್ತದೆ, ಹಿಂದಿನ ನೋಟವನ್ನು ಮರೆಮಾಡುತ್ತದೆ.

ಸಮತೋಲದ ಬಗ್ಗೆ ಬೇರೆ ಹೇಳುವುದು ಜಾಸ್ತಿ ಇಲ್ಲ. ಕಣ್ಣಿಗೆ ಕಡು ಗಾಜು ಭಾರ, ತಿಳಿ ಗಾಜು ಹಗುರ. ಆದರೆ ಒಂದೇ ಒಂದು ಉರಿಯುವ ಹಳದಿ ತುಂಡು ನಾಲ್ಕು ಕಡು ತುಂಡುಗಳನ್ನು ಎಳೆದು ನಿಲ್ಲಿಸುತ್ತದೆ. ನನ್ನ ಮಿಂಚುಳ್ಳಿಯಲ್ಲಿ ಆದದ್ದು ಅದೇ. ನಿಮ್ಮ ಚಿತ್ರದಲ್ಲಿ ಅತಿ ಹೆಚ್ಚು ಬೆಳಕು ಬರುವ ತುಂಡು ಯಾವುದು ಅಂತ ಹುಡುಕಿ. ನೋಡುವವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ನಿಮಗೆ ಬೇಕಾದ ಜಾಗ ಅದೇ ಆಗಿದ್ದರೆ ಸರಿ.

ಗಾಜಿನ ಒಳಗಿನ ಓಟವನ್ನು ಮರೆಯಬೇಡಿ. ಗೆರೆಗೆರೆಯ ಬಣ್ಣದ ಹಾಳೆಗಳಿಗೆ ಮರದ ಹಾಗೆ ಒಂದು ದಿಕ್ಕು ಇರುತ್ತದೆ. ಎಲೆ ಮಾಡುವಾಗ ಆ ದಿಕ್ಕು ಎಲೆಯ ಉದ್ದಕ್ಕೆ ಬರಲಿ, ನೀರಿಗೆ ಅಡ್ಡಕ್ಕೆ ಬರಲಿ. ಗಾಜು ಉಳಿಸಬೇಕು ಅಂತ, ತುಂಡಿನ ಆಕಾರಕ್ಕೆ ಕತ್ತರಿಸಿಕೊಂಡ ಕಾಗದದ ಮಾದರಿಗಳನ್ನು ಹೇಗೆ ಬೇಕೋ ಹಾಗೆ ತಿರುಗಿಸಿ ಇಟ್ಟು ಕತ್ತರಿಸಿದರೆ ಎಲೆಗಳೆಲ್ಲ ಒಂದೊಂದು ದಿಕ್ಕಿಗೆ ಹೋಗುತ್ತವೆ, ಲಯ ಕೆಡುತ್ತದೆ. ಪ್ರತಿ ಮಾದರಿಯ ಮೇಲೆ ಒಂದು ಬಾಣದ ಗುರುತು ಹಾಕಿಕೊಳ್ಳಿ. ಸ್ವಲ್ಪ ಗಾಜು ಜಾಸ್ತಿ ಖರ್ಚಾಗುತ್ತದೆ. ಆಗಲಿ.

ಇಷ್ಟು ಹೊತ್ತು ಹೇಳಿದ್ದು ಸೀಸ ಮತ್ತು ಫಾಯಿಲ್ ಕೆಲಸಕ್ಕೆ. ನಿಮ್ಮಲ್ಲಿ ಕೆಲವರು ಕುಲುಮೆಯಲ್ಲಿ ಗಾಜು ಬೆಸೆಯುವವರು, ಫ್ಯೂಸಿಂಗ್ ಮಾಡುವವರು ಇದ್ದೀರಿ. ನಿಮಗೆ ಗೆರೆಯ ಕಾಟ ಇಲ್ಲ. ಆದರೆ ಬೆಂಕಿ ನಿಮ್ಮ ವಿನ್ಯಾಸಕ್ಕೆ ಕೈ ಹಾಕುತ್ತದೆ. ಸುಮಾರು 800 ಡಿಗ್ರಿ ಸೆಲ್ಸಿಯಸ್‌ಗೆ ಪೂರ್ತಿ ಬೆಸೆದಾಗ ಗಾಜು 6 ಮಿಲಿಮೀಟರ್ ದಪ್ಪಕ್ಕೆ ಬರಲು ನೋಡುತ್ತದೆ. 3 ಮಿಲಿಮೀಟರ್‌ನ ಎರಡು ಪದರ ಇಟ್ಟರೆ ಆಕಾರ ಹೆಚ್ಚು ಕಮ್ಮಿ ಹಾಗೇ ಉಳಿಯುತ್ತದೆ. ಒಂದೇ ಪದರ ಇಟ್ಟರೆ ಅಂಚು ಒಳಕ್ಕೆ ಎಳೆದುಕೊಳ್ಳುತ್ತದೆ. ಮೂರು ಪದರ ಇಟ್ಟರೆ ಹೊರಕ್ಕೆ ಹರಿಯುತ್ತದೆ. ಚೂಪು ಮೂಲೆ ಉರುಟಾಗುತ್ತದೆ. ನೇರ ಪಟ್ಟಿಗಳ ವಿನ್ಯಾಸ ಮಾಡಿ, ದಪ್ಪ ಒಂದೊಂದು ಕಡೆ ಒಂದೊಂದು ಥರ ಇಟ್ಟರೆ ಪಟ್ಟಿಗಳು ಬಾಗಿ ಹೊರಬರುತ್ತವೆ. ಇಲ್ಲಿ ಸಮತೋಲ ಅಂದರೆ ಮೊದಲು ದಪ್ಪದ ಸಮತೋಲ.

ಬಣ್ಣವೂ ಬದಲಾಗುತ್ತದೆ. ಚಿನ್ನ ಸೇರಿದ ಗುಲಾಬಿ ಗಾಜು ಕುಲುಮೆಗೆ ಹೋಗುವ ಮೊದಲು ತೀರಾ ಪೇಲವ, ಬಣ್ಣವೇ ಇಲ್ಲ ಅನ್ನುವ ಹಾಗಿರುತ್ತದೆ. ಬೆಂದ ಮೇಲೆ ಗುಲಾಬಿ ಏಳುತ್ತದೆ. ತಾಮ್ರ ಇರುವ ಹಸಿರು-ನೀಲಿ ಗಾಜಿನ ಪಕ್ಕದಲ್ಲಿ ಗಂಧಕ ಇರುವ ಹಳದಿ ಅಥವಾ ಕೆನೆಬಣ್ಣದ ಗಾಜು ಇಟ್ಟರೆ, ಎರಡೂ ಸೇರುವ ಕಡೆ ಕಡು ಕಂದು ಗೆರೆ ಮೂಡುತ್ತದೆ. ಗೊತ್ತಿಲ್ಲದೆ ಮಾಡಿದರೆ ಅದು ಕಲೆ ಅಂತ ಬೇಜಾರಾಗುತ್ತದೆ. ಗೊತ್ತಿದ್ದು ಮಾಡಿದರೆ ಅದೇ ನಿಮ್ಮ ರೇಖೆ. ಸೀಸವಿಲ್ಲದೆ ಬಂದ ಗೆರೆ, ಕೈಯಲ್ಲಿ ಬರೆಯಲು ಆಗದಷ್ಟು ನವಿರಾಗಿ ಬರುತ್ತದೆ. ಹಾಗಾಗಿ ದೊಡ್ಡದು ಮಾಡುವ ಮೊದಲು ನೀವು ಬಳಸುವ ಗಾಜುಗಳ ಸಣ್ಣ ಚೂರುಗಳನ್ನು ಜೋಡಿ ಜೋಡಿಯಾಗಿ ಬೇಯಿಸಿ ಇಟ್ಟುಕೊಳ್ಳಿ. ಎಲ್ಲ ಗಾಜುಗಳೂ ಒಂದೇ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವಂಥವು ಅಂತ ನೋಡಿಕೊಳ್ಳಿ. ಇಲ್ಲದಿದ್ದರೆ ವಿನ್ಯಾಸ ಎಷ್ಟೇ ಚೆನ್ನಾಗಿದ್ದರೂ ತಣ್ಣಗಾಗುವಾಗಲೋ, ತಿಂಗಳು ಬಿಟ್ಟೋ ಸೀಳುತ್ತದೆ.

ದಪ್ಪದ ಮಾತು ಬಂತು. ಚೆಕ್ ಕಲಾವಿದರಾದ ಲಿಬೆನ್ಸ್ಕಿ ಮತ್ತು ಬ್ರಿಖ್ತೋವಾ ದಂಪತಿಯ ಅಚ್ಚಿನ ಗಾಜಿನ ಶಿಲ್ಪಗಳಿವೆ. ಎಷ್ಟೋ ಶಿಲ್ಪಗಳಲ್ಲಿ ಒಂದೇ ಬಣ್ಣ. ಆದರೆ ಗಾಜು ದಪ್ಪ ಇದ್ದಲ್ಲಿ ಕಡು, ತೆಳು ಆದಲ್ಲಿ ತಿಳಿ. ಹಿಂಬದಿಯಲ್ಲಿ ಕೊರೆದ ಹಳ್ಳ ಮುಂದಿನಿಂದ ಬೆಳಕಿನ ಆಕಾರವಾಗಿ ಕಾಣುತ್ತದೆ. ಬಣ್ಣದ ಡಬ್ಬಿಯನ್ನೇ ಮುಟ್ಟದೆ, ಬರೀ ದಪ್ಪ ತೆಳುವಿನಿಂದ ಇಡೀ ಚಿತ್ರ. ನಾನು ಮೊದಲಿನಿಂದ ಹೇಳುತ್ತಿರುವ ಮಾತನ್ನು ಅವರು ಅಷ್ಟು ಶುದ್ಧವಾಗಿ ಮಾಡಿ ತೋರಿಸಿದ್ದಾರೆ. ಅವರ ಕೆಲಸ ಕಂಡ ಮೇಲೆ ನಾನು ಆರು ತಿಂಗಳು ಒಂದೇ ಬೂದು ಗಾಜಿನಲ್ಲಿ ಅಭ್ಯಾಸ ಮಾಡಿದೆ.

"ನನಗೆ ಚಿತ್ರ ಬರೆಯಲು ಬರುವುದಿಲ್ಲ, ಗಾಜಿನ ಕೆಲಸ ಆಗುತ್ತದಾ?" ಅಂತ ಇಲ್ಲೊಬ್ಬರು ಕೇಳಿದರು. ಆಗುತ್ತದೆ. ಐದು ನೇರ ಗೆರೆಗಳಿಂದ ಒಂದು ಚೌಕವನ್ನು ಭಾಗ ಮಾಡಿ. ಆ ಗೆರೆಗಳು ಎಲ್ಲೂ ಒಂದೇ ಅಳತೆಯ ಭಾಗಗಳನ್ನು ಮಾಡದಿರಲಿ. ಅಡ್ಡಗೆರೆಗಳು ಅಂಚಿನಿಂದ ಅಂಚಿಗೆ ಹೋಗದೆ ಇನ್ನೊಂದು ಗೆರೆಗೆ ತಾಗಿ ನಿಲ್ಲಲಿ. ಈಗ ಅತಿ ದೊಡ್ಡ ಭಾಗಕ್ಕೆ ತಿಳಿ ಗಾಜು ಕೊಡಿ, ಅತಿ ಚಿಕ್ಕದಕ್ಕೆ ನಿಮ್ಮ ಪ್ರೀತಿಯ ಬಣ್ಣ ಕೊಡಿ. ಇಷ್ಟರಲ್ಲೇ ಒಂದು ಪ್ಯಾನೆಲ್ ಆಯಿತು. ಬೆಳಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತು ಅದನ್ನು ನೋಡಿ. ರಾತ್ರಿ ದೀಪ ಹಾಕಿ ಒಳಗಿನಿಂದ ನೋಡಿದರೆ ಬಣ್ಣಗಳೆಲ್ಲ ಆರಿ, ಬೆಸುಗೆಯ ಗೆರೆಗಳು ಮಾತ್ರ ಬೆಳ್ಳಿಯ ಹಾಗೆ ಉಳಿದಿರುತ್ತವೆ. ಆ ಗೆರೆಗಳಷ್ಟೇ ಇದ್ದರೂ ನೋಡಲು ಚೆನ್ನಾಗಿರಬೇಕು.

ಮಿಂಚುಳ್ಳಿಯನ್ನು ನಾನು ಮತ್ತೆ ಮಾಡಿದೆ. ಅದೇ ಮಾದರಿ, ಅದೇ ಕೋಬಾಲ್ಟ್ ನೀಲಿ. ಹಿನ್ನೆಲೆಗೆ ತಿಳಿ ಬೂದು, ಅದರಲ್ಲಿ ಮಂಜಿನಂಥ ಅಡ್ಡ ಓಟ. ಹಕ್ಕಿಯ ಎದೆಗೆ ಜೇನುಬಣ್ಣ. ಕೆಂಪು ಒಂದೇ ಒಂದು ಕಡೆ, ಕಾಲಿನ ಹತ್ತಿರ, ಬೆರಳುಗುರಿನಷ್ಟು. ಅದು ಇಲ್ಲಿ ಈ ಚೀಲದಲ್ಲಿದೆ. ಹಳೆಯದನ್ನೂ ತಂದಿದ್ದೇನೆ. ಎರಡನ್ನೂ ಅಕ್ಕಪಕ್ಕ ಕಿಟಕಿಗೆ ಒರಗಿಸುತ್ತೇನೆ.

ಅದನ್ನು ನೋಡುವ ಮೊದಲು ಒಂದು ಕೆಲಸ. ಈ ಮೇಜಿನ ಮೇಲೆ ಹನ್ನೆರಡು ತುಂಡು ಗಾಜು ಇಟ್ಟಿದ್ದೇನೆ, ಅಂಚು ಉಜ್ಜಿದ್ದೇನೆ, ಕೈ ಕೊಯ್ಯುವುದಿಲ್ಲ. ಕಿಟಕಿಗೆ ಎತ್ತಿ ಹಿಡಿಯುವ ಮೊದಲು, ಮೇಜಿನ ಮೇಲೆಯೇ ನೋಡಿ, ಕಡುವಿನಿಂದ ತಿಳಿಯವರೆಗೆ ಸಾಲಾಗಿ ಜೋಡಿಸಿ. ಒಂದು ಚೀಟಿಯಲ್ಲಿ ಆ ಸಾಲು ಬರೆದುಕೊಳ್ಳಿ. ಆಮೇಲೆ ಒಂದೊಂದನ್ನೂ ಬೆಳಕಿಗೆ ಹಿಡಿದು ಮತ್ತೊಮ್ಮೆ ಜೋಡಿಸಿ. ಎರಡು ಸಾಲುಗಳಲ್ಲಿ ಎಷ್ಟು ತುಂಡು ಜಾಗ ಬದಲಿಸಿದವು ಅಂತ ಎಣಿಸಿ ನನಗೆ ಹೇಳಿ. ಮುಂದಿನ ಸಾಲಿನವರು ಮೊದಲು ಬನ್ನಿ.